ರೇಸ್ ಬಿಟ್ಟ ಕುದುರೆಯ ಬೆನ್ನುನೋವು, ಕೈಯಲ್ಲೇ ನಾನು ಮಾಡಿದ್ದು

ನಮ್ ತೀರ್ಥಹಳ್ಳಿ ಕಡೆ ಒಂದು ಹೋಂಸ್ಟೇಲಿ ರೇಸ್ ಬಿಟ್ಟ ಥರೋಬ್ರೆಡ್ (ರೇಸಿಗೆ ಅಂತಲೇ ಬೆಳೆಸೋ ತಳಿ) ಹೆಣ್ಣು ಕುದುರೆ ಇದೆ. ಜೀನು ತಂದ್ರೆ ಸಾಕು ಕಿವಿ ಹಿಂದಕ್ಕೆ ಮಡಚಿ ಕಚ್ಚೋಕೆ ಬರ್ತಿತ್ತು, ಎಡ ಮುಂಗಾಲಿನ ಹೆಜ್ಜೆ ಗಿಡ್ಡ ಇತ್ತು. ಎಲ್ರೂ ಸಿಟ್ಟಿನ ಕುದುರೆ ಅಂತಿದ್ರು, ನೋವಿರೋ ಪ್ರಾಣಿಗೆ ಹಂಗನ್ನೋದು ಕೇಳಿದ್ರೆ ನಂಗೆ ಹೊಟ್ಟೆ ಉರಿಯತ್ತೆ.

ಗೊರಸಲ್ಲಿ ಕೀವಿಲ್ಲ, ಟೆಂಡನ್‌ಗೆ (ಮಾಂಸಖಂಡನ ಮೂಳೆಗೆ ಕಟ್ಟೋ ಪಟ್ಟಿ) ಪೆಟ್ಟಿಲ್ಲ ಅಂತ ಡಾಕ್ಟ್ರು ಹೇಳಿದ್ಮೇಲೇ ನಾನು ಕೈ ಇಟ್ಟಿದ್ದು. ಕಾಲು ಬಿಸಿ ಆಗಿ ಊದಿದ್ರೆ ಮಸಾಜ್ ಮಾಡ್ಲೇಬಾರ್ದು, ತಣ್ಣೀರು ಬಿಡ್ತಾ ಡಾಕ್ಟ್ರಿಗೆ ಫೋನ್ ಮಾಡೋದಷ್ಟೆ.

ಕುದುರೆಗೆ ಕಾಲರ್ ಬೋನ್ ಇಲ್ಲ ನೋಡಿ. ಮುಂಗಾಲೆರಡೂ ಮೈಗೆ ಅಂಟಿರೋದು ಮಾಂಸಖಂಡದ ಬಲದಲ್ಲೇ, ನಿಂತಾಗ ಮೈಭಾರದಲ್ಲಿ ಸುಮಾರು 60 ಪರ್ಸೆಂಟ್ ಅವುಗಳ ಮೇಲೇ ಬೀಳತ್ತೆ, ಹಂಗಾಗಿ ಜೀನು ಹೆಗಲ ಹಿಂದೆ ಒತ್ತಿದ್ರೆ ಹೆಗಲು ಬಿಗಿ ಆಗತ್ತೆ, ಹೆಜ್ಜೆ ಗಿಡ್ಡ ಆಗತ್ತೆ, ನಾವು ಕಾಲಲ್ಲೇ ನೋವು ಹುಡುಕ್ತಾ ಕೂರ್ತೀವಿ. ಹಿಂದೆ ಸವಾರಿ ಮುಗಿಸಿ ಜೀನು ಇಳಿಸಿದಾಗ ತೆಗೆದ ಫೋಟೋ ಹೋಂಸ್ಟೇ ಮನೆಯವ್ರ ಮೊಬೈಲಲ್ಲಿತ್ತು. ಬೆನ್ನೆಲ್ಲ ಬೆವರಿದೆ, ಎಡ ಹೆಗಲ ಹಿಂದೆ ಅಂಗೈಯಗಲ ಮಾತ್ರ ಒಣಗಿದೆ. ಒತ್ತಡ ಜಾಸ್ತಿ ಬಿದ್ದ ಕಡೆ ಬೆವರು ಬರಲ್ಲ. ಆ ಜೀನು ಅವತ್ತೇ ಬಿಡ್ಸಿದೆ.

ಕೈಕೆಲ್ಸ ಕುತ್ತಿಗೆಯಿಂದ ಶುರು ಮಾಡ್ದೆ. ಜೂಲಿನ ಕೆಳಗೆ ಅಂಗೈ ಇಟ್ಟು ಹೆಗಲ ಕಡೆ ನಿಧಾನ ಜಾರಿಸ್ತಾ ಅದರ ಕಣ್ಣನ್ನೇ ನೋಡ್ತಿರ್ಬೇಕು. ಬಿಗಿ ಜಾಗ ಸಿಕ್ತಿದ್ದಂಗೆ ಪಟಕ್ಕನೆ ರೆಪ್ಪೆ ಬಡಿಯತ್ತೆ, ಅಲ್ಲೇ ಕೈ ನಿಲ್ಸಿ, ಒತ್ತದೆ ಸುಮ್ನೆ ಕಾಯೋದು. ಕುದುರೆಗಳಿಗೆ ಮಸಾಜ್ ಮಾಡೋ ಅಮೆರಿಕದ ಜಿಮ್ ಮಾಸ್ಟರ್ಸನ್ ಅವ್ರ ವಿಧಾನದ ಜೀವಾಳವೇ ಇದು. ಜೋರಾಗಿ ಒತ್ತಿದ್ರೆ ಕುದುರೆ ತಿರುಗಿ ಮೈ ಬಿಗಿ ಹಿಡಿಯತ್ತೆ, ಬಲದಲ್ಲಿ ಅದನ್ನ ಯಾರು ಗೆಲ್ತಾರೆ ಹೇಳಿ? ಸ್ವಲ್ಪ ಹೊತ್ತಿಗೆ ಕೆಳತುಟಿ ಜೋತು ಬಿತ್ತು, ನಾಲಿಗೆ ಚಪ್ಪರಿಸ್ತು, ಆಮೇಲೆ ಒಂದಾದ್ಮೇಲೆ ಒಂದು ಆಕಳಿಕೆ.

"ಅಕ್ಕಾ, ಅದ್ಕೆ ನಿದ್ದೆ ಬಂತಾ?" ಅಂದ ಲಾಯದ ಹುಡ್ಗ.

"ಇಲ್ಲ ಮಾರಾಯ, ಬಿಗಿ ಬಿಡ್ತಾ ಇದೆ."

ಆಮೇಲೆ ಮುಂಗಾಲು ಎತ್ತಿ ಮಂಡಿ ಹಿಂದೆ ಒಂದು ಕೈ, ಗೊರಸಿನ ಹತ್ರ ಒಂದು ಕೈ ಆಧಾರ ಕೊಟ್ಟು ಮುಂದಕ್ಕೆ ತಂದೆ. ಎಳೆಯೋದಲ್ಲ, ಕಾಲಿನ ಭಾರ ಅದೇ ನಮ್ ಕೈಗೆ ಬಿಡೋವರ್ಗೂ ಕಾಯೋದು.

ಇಷ್ಟಕ್ಕೇ ಮುಗಿಯಲ್ಲ, ಸಡಿಲ ಆದ ಮಾಂಸಖಂಡಕ್ಕೆ ಸರಿಯಾಗಿ ನಡೆಯೋದನ್ನ ಕಲಿಸ್ಬೇಕು. ಉದ್ದಕ್ಕೆ ಸೀಳಿದ ಅಡಿಕೆ ದಬ್ಬೆನ ಸುಮಾರು ಮೂರಡಿಗೊಂದರಂತೆ ನೆಲಕ್ಕೆ ಹಾಕ್ಸಿ, ಚಪ್ಪಟೆ ಭಾಗ ಕೆಳಗೆ ಮಾಡಿ (ಇಡೀ ಕಂಬ ಆದ್ರೆ ಉರುಳತ್ತೆ, ಕಾಲು ಮುರಿಯತ್ತೆ), ಹಗ್ಗ ಹಿಡಿದು ನಿಧಾನ ದಾಟಿಸ್ದೆ. ಕಾಲೆತ್ತಿ ಇಡ್ತಾ ಇಡ್ತಾ ಬೆನ್ನು ತಾನಾಗೇ ಮೇಲೇಳತ್ತೆ. ಮೈ ಬಿಸಿ ಆದ್ಮೇಲೆ ಪಕ್ಕೆ ಹತ್ರ ಕ್ಯಾರೆಟ್ ಹಿಡಿದು ಕುತ್ತಿಗೆ ತಿರುಗಿಸೋದು, ಎರಡೂ ಕಡೆ.

ಈಗ ಹೆಜ್ಜೆ ಉದ್ದ ಬರ್ತಿದೆ, ಹೆಗಲ ಮೇಲೆ ಕೈ ಇಟ್ರೆ ಕಿವಿ ಮಡಚಲ್ಲ. ಆದ್ರೆ ನಮ್ ಮಲೆನಾಡ್ ಮಳೇಲಿ ದಿನವಿಡೀ ಲಾಯದಲ್ಲೇ ನಿಂತ್ರೆ ಮತ್ತೆ ಮರಗಟ್ಟತ್ತೆ, ಹೊರಗೆ ಬಿಟ್ರೆ ಕೆಸರಲ್ಲಿ ಜಾರತ್ತೆ. ಅದ್ಕೆ ಮಳೆ ಬಿಟ್ಟಾಗೆಲ್ಲ ಜಲ್ಲಿ ರಸ್ತೇಲಿ ನಡೆಸಿ ಅಂತ ಹುಡುಗನಿಗೆ ಹೇಳಿದೀನಿ, ಬೆನ್ನಿಗೆ ಸರಿ ಕೂರೋ ಜೀನು ಸಿಗೋವರ್ಗೂ ಸವಾರಿ ಬೇಡ ಅಂದಿದ್ದಕ್ಕೆ ಮನೆಯವ್ರೂ ಒಪ್ಪಿದ್ದಾರೆ.