ಮಹಾಪ್ರಬಂಧ ಡಿಟಿಪಿಗೆ ಕೊಡುವ ಮುನ್ನ

ಕನ್ನಡದಲ್ಲಿ ಪಿಎಚ್.ಡಿ. ಮಾಡುವವರು ಬರವಣಿಗೆಗೆ ನೆರವು ಹುಡುಕುವುದು ಹೆಚ್ಚಾಗಿ ಕೊನೆಯ ತಿಂಗಳಲ್ಲಿ, ಅದೂ ಡಿಟಿಪಿ ಅಂಗಡಿಯಲ್ಲಿ. ಟೈಪಿಂಗ್, ಪ್ರೂಫ್, ಪುಟವಿನ್ಯಾಸ ಎಲ್ಲವನ್ನೂ ಒಬ್ಬರ ತಲೆಗೆ ಕಟ್ಟಿದರೆ ಮೂರೂ ಅರೆಬರೆಯಾಗುತ್ತವೆ. ಕೆಲಸಗಳನ್ನು ಬಿಡಿಬಿಡಿಯಾಗಿ, ಸರದಿ ತಪ್ಪದಂತೆ ಮಾಡಿಸಬೇಕು: ಮೊದಲು ಫಾಂಟ್, ಆಮೇಲೆ ಭಾಷೆ, ಕಡೆಗೆ ಪುಟ.

ಫಾಂಟ್ ಪರೀಕ್ಷೆ

ಫೈಲಿನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡವೇ ಕಂಡರೆ ಅದು ಯೂನಿಕೋಡ್, ಅಂದರೆ ಎಲ್ಲ ಸಾಧನಗಳಲ್ಲೂ ಓದಬರುವ ಅಕ್ಷರ ಸಂಕೇತ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದರೆ ನುಡಿ ಅಥವಾ ಬರಹ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದು. ಆಸ್ಕಿಯಲ್ಲಿರುವ ಪ್ರಬಂಧ ಮುದ್ರಣದಲ್ಲಿ ಚೆನ್ನಾಗಿಯೇ ಕಾಣುತ್ತದೆ, ಆದರೆ ಗ್ರಂಥಋಣವನ್ನು ಅಕಾರಾದಿಯಾಗಿ ಜೋಡಿಸಲು ಹೇಳಿದರೆ ಸಾಲುಗಳು ಅಡ್ಡಾದಿಡ್ಡಿಯಾಗುತ್ತವೆ. ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರ ಶೋಧಗಂಗಾಕ್ಕೆ ಏರಿಸಿದ ಮೇಲೂ ಕನ್ನಡ ಪದ ಹಾಕಿ ಹುಡುಕಿದವರಿಗೆ ಒಳಗಿನ ಒಂದು ಪದವೂ ಸಿಗುವುದಿಲ್ಲ.

ನುಡಿ, ಬರಹ ಎರಡರಲ್ಲೂ ಯೂನಿಕೋಡ್‌ಗೆ ಪರಿವರ್ತಿಸುವ ಸೌಲಭ್ಯವಿದೆ. ಮೊದಲು ಒಂದೇ ಅಧ್ಯಾಯವನ್ನು ಪರಿವರ್ತಿಸಿ ಮೂರು ಕಡೆ ಕಣ್ಣಾಡಿಸಿ. ನಡುವೆ ಬಂದ ಇಂಗ್ಲಿಷ್ ಹೆಸರುಗಳು ಅರ್ಥವಿಲ್ಲದ ಕನ್ನಡವಾಗಿರಬಹುದು. ಅರ್ಕಾವತ್ತು ಸ್ಥಳ ಬಿಟ್ಟಿರಬಹುದು. ‘ರ‍್ಯಾಂಕ್’ ಎಂಬುದು ‘ರ್ಯಾಂಕ್’ ಆಗುವುದು ತೀರಾ ಸಾಮಾನ್ಯ. ಶಾಸನ, ಹಳಗನ್ನಡ ಕಾವ್ಯದ ಉಲ್ಲೇಖಗಳಿದ್ದರೆ ಱ, ೞ ಉಳಿದಿವೆಯೇ ಎಂದು ಮೂಲದೊಂದಿಗೆ ತಾಳೆ ನೋಡಲೇಬೇಕು.

ಪ್ರೂಫ್ ಯಾರಿಗೆ, ಹೇಗೆ?

ಪತ್ರಿಕೆ ಅಥವಾ ಪ್ರಕಾಶನದಲ್ಲಿ ಕರಡು ತಿದ್ದಿ ಪಳಗಿದವರು ಸಿಕ್ಕರೆ ಒಳ್ಳೆಯದು. ಅವರಿಗೆ ನಿಮ್ಮ ವಿಷಯ ಗೊತ್ತಿರಬೇಕೆಂದಿಲ್ಲ. ಹತ್ತು ಪುಟ ಕೊಟ್ಟು ನೋಡಿ, ತಿದ್ದಿದ್ದು ಒಪ್ಪಿಗೆಯಾದರೆ ಉಳಿದದ್ದು ಕೊಡಿ. ವರ್ಡ್‌ನ ‘ಟ್ರ್ಯಾಕ್ ಚೇಂಜಸ್’ ಹಾಕಿಯೇ ತಿದ್ದಲು ಹೇಳಿ. ಇಲ್ಲದಿದ್ದರೆ ಏನು ಬದಲಾಯಿತೆಂದು ನಿಮಗೂ ತಿಳಿಯದು, ಗೈಡ್‌ಗೂ ತಿಳಿಯದು.

ಫೈಲಿನ ಜತೆ ಒಂದು ಪುಟದ ಪದಪಟ್ಟಿ ಇರಲಿ. ಅಂತರರಾಷ್ಟ್ರೀಯವೋ ಅಂತಾರಾಷ್ಟ್ರೀಯವೋ, 12ನೆಯ ಶತಮಾನವೋ 12ನೇ ಶತಮಾನವೋ, ಒಂದನ್ನು ನೀವೇ ಆರಿಸಿ ಬರೆದಿಡಿ. ಉಲ್ಲೇಖಗಳಿಗೆಲ್ಲ ಬಣ್ಣ ಬಳಿದು ‘ಇಲ್ಲಿ ಕೈಯಿಡಬೇಡಿ’ ಎಂದು ಸೂಚಿಸಿ. ‘ರಿಪ್ಲೇಸ್ ಆಲ್’ ಒತ್ತಿದರೆ ಬೇರೆಯವರ ಮಾತಿನೊಳಗಿನ ಕಾಗುಣಿತವೂ ಬದಲಾಗುತ್ತದೆ. ಪರೀಕ್ಷಕರು ಮೂಲದೊಂದಿಗೆ ಹೋಲಿಸಿದಾಗ ಸಿಕ್ಕಿಬೀಳುವುದು ನೀವು.

ವಿಧ್ಯಾರ್ಥಿ, ಅಧ್ಬುತ, ಪದ್ದತಿ, ಕೂಲಂಕುಷ ಇವು ವಿದ್ಯಾರ್ಥಿ, ಅದ್ಭುತ, ಪದ್ಧತಿ, ಕೂಲಂಕಷ ಆಗಬೇಕೆಂದು ಪ್ರೂಫ್ ನೋಡುವವರೇ ಹಿಡಿಯುತ್ತಾರೆ. ಕೆಲವರು ಬಿಟ್ಟುಬಿಡುವುದು ‘ವೈವಿಧ್ಯತೆ’, ‘ಪ್ರಾಬಲ್ಯತೆ’, ‘ಸೌಂದರ್ಯತೆ’ಗಳನ್ನು. ವೈವಿಧ್ಯ, ಪ್ರಾಬಲ್ಯ, ಸೌಂದರ್ಯ ಎಂದಾಗಲೇ ಭಾವನಾಮ ಬಂದಾಯಿತು, ಮೇಲೆ ‘ತೆ’ ಬೇಡ. ಅನುಮಾನ ಬಂದರೆ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಇದೆ. ಭಾರತವಾಣಿ ಜಾಲತಾಣದಲ್ಲೂ ಹಲವು ನಿಘಂಟುಗಳು ಸಿಗುತ್ತವೆ.

ವಾಕ್ಯ ಮಾತ್ರ ನೀವೇ ಸರಿಮಾಡಬೇಕು. ‘ವಚನಕಾರರಿಂದ ಜಾತಿ ವ್ಯವಸ್ಥೆಯ ವಿರೋಧವು ಮಾಡಲ್ಪಟ್ಟಿತು’ ಎಂದು ಬರೆದರೆ ಪಾಂಡಿತ್ಯ ಕಾಣುತ್ತದೆಂಬ ಭ್ರಮೆ ಅದೇಕೋ ನಮ್ಮ ವಿಭಾಗಗಳಲ್ಲಿ ಬೇರೂರಿದೆ. ‘ವಚನಕಾರರು ಜಾತಿ ವ್ಯವಸ್ಥೆಯನ್ನು ವಿರೋಧಿಸಿದರು’ ಅಂದರೆ ಸಾಕು. ‘ಲ್ಪಟ್ಟ’ ಎಂದು ಹಾಕಿ ಹುಡುಕಿ, ಸಿಕ್ಕಿದ್ದರಲ್ಲಿ ಮುಕ್ಕಾಲು ಪಾಲನ್ನು ಹೀಗೆಯೇ ಬಿಡಿಸಬಹುದು.

ಪುಟ

ಅಂಚು, ಅಕ್ಷರಗಾತ್ರ, ಸಾಲಿನ ಅಂತರಗಳಿಗೆ ನಿಮ್ಮ ವಿಶ್ವವಿದ್ಯಾಲಯದ ನಿಯಮವೇ ಅಂತಿಮ. ಸಾಮಾನ್ಯವಾಗಿ ಎ4 ಹಾಳೆ, ಬೈಂಡಿಂಗ್‌ಗೆಂದು ಎಡಕ್ಕೆ ಒಂದೂವರೆ ಇಂಚು. ಸಾಲಿನ ಅಂತರ ‘ಎಕ್ಸಾಕ್ಟ್‌ಲಿ’ ಎಂದಿದ್ದರೆ ಒತ್ತಕ್ಷರಗಳ ಬುಡ ಕತ್ತರಿಸಿಹೋಗಬಹುದು, 1.5 ಎಂದು ಕೊಡಿ.

ಅಧ್ಯಾಯದ ಹೆಸರು, ಉಪಶೀರ್ಷಿಕೆಗಳಿಗೆ ‘ಹೆಡಿಂಗ್’ ಸ್ಟೈಲ್ ಹಚ್ಚಿದರೆ ಪರಿವಿಡಿ ತಾನಾಗಿ ತಯಾರಾಗುತ್ತದೆ. ಸ್ಟೈಲಿನಲ್ಲಿ ಗಾತ್ರ ಬದಲಿಸಿದರೂ ಕನ್ನಡ ಜಗ್ಗುವುದಿಲ್ಲ, ಇಂಗ್ಲಿಷ್ ಮಾತ್ರ ದೊಡ್ಡದಾಗುತ್ತದೆ ಎಂಬ ದೂರು ಎಲ್ಲೆಡೆ ಇದೆ. ವರ್ಡ್ ಕನ್ನಡವನ್ನು ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಎಂದು ಬೇರೆಯಾಗಿ ಎಣಿಸುವುದೇ ಇದಕ್ಕೆ ಕಾರಣ. ‘ಮಾಡಿಫೈ’, ‘ಫಾರ್ಮ್ಯಾಟ್’, ‘ಫಾಂಟ್’ ಒತ್ತಿ, ಅಲ್ಲಿ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ ಎಂದಿರುವ ಜಾಗದಲ್ಲೇ ಫಾಂಟನ್ನೂ ಗಾತ್ರವನ್ನೂ ಕೊಡಬೇಕು.

ನೆರವಿನ ಗೆರೆ

ಭಾಷೆ ತಿದ್ದಿಸುವುದು ನೆರವು. ಅಧ್ಯಾಯವನ್ನೇ ಬರೆಸುವುದು, ಬೇರೆಯವರ ಪುಟದಲ್ಲಿ ಪದ ಬದಲಿಸಿ ನಿಮ್ಮದೆಂದು ಕೊಡುವುದು ಕೃತಿಚೌರ್ಯ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಬೇರೆಯವರ ಬರಹದೊಂದಿಗೆ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ. ಶೇ 10ರಿಂದ 40 ಇದ್ದರೆ ಗರಿಷ್ಠ 6 ತಿಂಗಳೊಳಗೆ ತಿದ್ದಿ ಕೊಡಬೇಕು. ಶೇ 40ರಿಂದ 60 ಆದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಆಕರ ಸಹಿತ ಕೊಟ್ಟ ಉಲ್ಲೇಖಗಳು, ಗ್ರಂಥಋಣ, ಪರಿವಿಡಿ, ಕೃತಜ್ಞತೆಯ ಪುಟ ಈ ಲೆಕ್ಕಕ್ಕೆ ಬರುವುದಿಲ್ಲ. ಪ್ರೂಫ್ ನೋಡಿದವರ ಹೆಸರನ್ನು ಆ ಕೃತಜ್ಞತೆಯ ಪುಟದಲ್ಲೇ ಬರೆಯಿರಿ, ಮುಚ್ಚಿಡುವಂಥದ್ದೇನಿಲ್ಲ.

ಬೈಂಡಿಂಗ್‌ಗೆ ಕಳಿಸುವ ಮುನ್ನ ಪಿಡಿಎಫ್ ಅನ್ನು ಇನ್ನೊಬ್ಬರ ಫೋನಿನಲ್ಲಿ ತೆರೆದು, ಅಡಿಟಿಪ್ಪಣಿ ಹೆಚ್ಚಿರುವ ಪುಟವೊಂದನ್ನು ನೋಡಿ. ಅಕ್ಷರ ಒಡೆದಿದ್ದರೆ ಫಾಂಟ್ ಪಿಡಿಎಫ್‌ನೊಳಗೆ ಸೇರಿಲ್ಲ; ಫಾಂಟ್ ಸೇರಿಸಿ ಮತ್ತೊಮ್ಮೆ ಪಿಡಿಎಫ್ ಮಾಡಿಸಿಕೊಳ್ಳಿ.