ಲಿನಕ್ಸ್‌ನಲ್ಲಿ ಜಿಪಿಯು ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು?

ಉಬುಂಟುವಿನಲ್ಲಿ ಎನ್‌ವಿಡಿಯಾ ಜಿಪಿಯುಗೆ, ಅಂದರೆ ಗ್ರಾಫಿಕ್ಸ್ ಕಾರ್ಡಿಗೆ, ಕುಡಾ (ಕಾರ್ಡಿನಿಂದ ಲೆಕ್ಕಾಚಾರ ಮಾಡಿಸುವ ಎನ್‌ವಿಡಿಯಾದ ತಂತ್ರಾಂಶ) ಅಳವಡಿಸಲು ಹೊರಟವರು, ದೋಷಸಂದೇಶ ಕಂಡ ಕೂಡಲೇ ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರುಮಾಡುವುದುಂಟು. ಅದಕ್ಕೂ ಮುಂಚೆ, ಕೆಟ್ಟಿರುವುದು ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) ಅಂಟಿಕೊಂಡಿರುವ ಡ್ರೈವರೋ, ಅದರ ಮೇಲೆ ಕೂರುವ ಕುಡಾ ಟೂಲ್‌ಕಿಟ್ಟೋ, ಯಂತ್ರಕಲಿಕೆಗೆ ಬಳಸುವ ಪೈಟಾರ್ಚ್‌ನಂಥ ಲೈಬ್ರರಿಯೋ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಕೆಳಗಿನದು ಸರಿಯಿಲ್ಲದಿದ್ದರೆ ಮೇಲಿನದನ್ನು ಎಷ್ಟು ಸಲ ಹಾಕಿದರೂ ಅಷ್ಟೇ.

ಮೊದಲು ಟರ್ಮಿನಲ್ ತೆರೆದು ‘ಎನ್‌ವಿಡಿಯಾ-ಎಸ್‌ಎಂಐ’ ಆದೇಶ ಕೊಡಿ. ಕಾರ್ಡಿನ ಹೆಸರು, ಮೆಮೊರಿ, ತಾಪಮಾನದ ಪಟ್ಟಿ ಬಂದರೆ ಡ್ರೈವರ್ ಸರಿಯಿದೆ. ಡ್ರೈವರನ್ನು ಸಂಪರ್ಕಿಸಲಾಗಲಿಲ್ಲ ಎಂದು ಬಂದರೆ ಕರ್ನಲ್ ಮಾಡ್ಯೂಲ್ (ಡ್ರೈವರಿನ, ಕರ್ನಲ್‌ನೊಳಗೆ ಸೇರುವ ಭಾಗ) ಲೋಡ್ ಆಗಿಲ್ಲವೆಂದೇ ಸಾಮಾನ್ಯವಾಗಿ ಅರ್ಥ. ಆಗ ‘ಸುಡೊ ಮಾಡ್‌ಪ್ರೋಬ್ ಎನ್‌ವಿಡಿಯಾ’ ಎಂದು ಕೊಟ್ಟು, ಅದು ಏನೆಂದು ದೂರುತ್ತದೆ ಎಂಬುದನ್ನು ಓದಿ. ಮಾಡ್ಯೂಲೇ ಸಿಗಲಿಲ್ಲವೆಂದರೆ, ಕರ್ನಲ್ ಅಪ್‌ಡೇಟ್ ಆದಾಗ ಅದಕ್ಕೆ ಹೊಂದುವ ಹೆಡರ್ ಪ್ಯಾಕೇಜ್ (ಮಾಡ್ಯೂಲ್ ಕಟ್ಟಲು ಬೇಕಾದ ಕರ್ನಲ್ ಕಡತಗಳು) ಇಲ್ಲದೆ, ಪ್ರತಿ ಹೊಸ ಕರ್ನಲ್‌ಗೂ ಮಾಡ್ಯೂಲ್ ಕಟ್ಟಿಕೊಡುವ ಡಿಕೆಎಂಎಸ್ ಎಂಬ ಸಾಧನವು ಮಾಡ್ಯೂಲನ್ನು ಕಟ್ಟದೆ ಬಿಟ್ಟಿರಬಹುದು. ಹೆಡರ್ ಹಾಕಿ ಡ್ರೈವರ್ ಪ್ಯಾಕೇಜನ್ನು ಮರುಸ್ಥಾಪಿಸಿದರೆ ಸಾಕು.

ಕೀ ತಿರಸ್ಕೃತವಾಯಿತು ಎಂಬ ದೂರು ಬಂದರೆ ಸಮಸ್ಯೆ ಸೆಕ್ಯೂರ್ ಬೂಟ್‌ನದು, ಅಂದರೆ ನಂಬಿಕಸ್ತ ಕೀಯಿಂದ ಸಹಿಯಾಗದ ಮಾಡ್ಯೂಲನ್ನು ಒಳಬಿಡದ ರಕ್ಷಣಾ ವ್ಯವಸ್ಥೆಯದು. ಡ್ರೈವರ್ ಹಾಕುವಾಗ, ಸಹಿಯ ಕೀಯನ್ನು ನೋಂದಾಯಿಸಲೆಂದು, ಉಬುಂಟು ಒಂದು ಪಾಸ್‌ವರ್ಡ್ ಕೇಳಿರುತ್ತದೆ. ಮರುಬೂಟ್ ಆಗುವಾಗ ನೀಲಿ ಪರದೆ ಬಂದು, 10 ಸೆಕೆಂಡಿನೊಳಗೆ ಯಾವುದಾದರೂ ಗುಂಡಿ ಒತ್ತಬೇಕೆಂದು ಸೂಚಿಸುತ್ತದೆ. ಕಾಫಿ ತರಲು ಎದ್ದುಹೋಗಿ ನಾನೇ ಒಮ್ಮೆ ಅದನ್ನು ತಪ್ಪಿಸಿಕೊಂಡಿದ್ದೇನೆ. ಗುಂಡಿ ಒತ್ತಿ, ‘ಎನ್‌ರೋಲ್ ಮೊಕ್’ (ಮೊಕ್ ಎಂದರೆ ಯಂತ್ರದ ಮಾಲೀಕರ ಕೀ) ಆಯ್ದು, ಅದೇ ಪಾಸ್‌ವರ್ಡ್ ಕೊಟ್ಟರೆ ಕೀ ನೋಂದಣಿಯಾಗುತ್ತದೆ. ಪರದೆ ತಪ್ಪಿಹೋಗಿದ್ದರೆ ‘ಮೊಕ್‌ಯುಟಿಲ್’ ಮೂಲಕ ಕೀಯನ್ನು ಮತ್ತೆ ಇಂಪೋರ್ಟ್ ಮಾಡಿ ಮರುಬೂಟ್ ಮಾಡಬಹುದು. ಸೆಕ್ಯೂರ್ ಬೂಟನ್ನೇ ಆಫ್ ಮಾಡಿಬಿಡಿ ಎಂಬ ಸಲಹೆ ಸುಲಭದ್ದೇನೋ ಹೌದು, ಆದರೆ ಎರಡು ನಿಮಿಷದ ಕೆಲಸಕ್ಕಾಗಿ ಬೀಗವನ್ನೇ ಕಿತ್ತುಹಾಕಬೇಕಿಲ್ಲ.

ನಿನ್ನೆ ಚೆನ್ನಾಗಿದ್ದ ಯಂತ್ರ ಇಂದು ‘ಡ್ರೈವರ್/ಲೈಬ್ರರಿ ವರ್ಷನ್ ಮಿಸ್‌ಮ್ಯಾಚ್’ ಎಂದರೆ ಗಾಬರಿ ಬೇಡ. ಹಿನ್ನೆಲೆಯ ಅಪ್‌ಡೇಟ್ ಡಿಸ್ಕಿನಲ್ಲಿ ಹೊಸ ಲೈಬ್ರರಿ ಇಟ್ಟಿದೆ, ಮೆಮೊರಿಯಲ್ಲಿ ಹಳೆಯ ಮಾಡ್ಯೂಲೇ ಓಡುತ್ತಿದೆ; ಮರುಬೂಟ್ ಮಾಡಿದರೆ ಸಾಮಾನ್ಯವಾಗಿ ಎರಡೂ ಒಂದಾಗುತ್ತವೆ.

ಇನ್ನು ಬಹಳ ಜನರನ್ನು ದಾರಿತಪ್ಪಿಸುವ ಒಂದು ಸಂಖ್ಯೆಯಿದೆ. ‘ಎನ್‌ವಿಡಿಯಾ-ಎಸ್‌ಎಂಐ’ ಪಟ್ಟಿಯ ಮೇಲ್ಭಾಗದಲ್ಲಿ ಕಾಣುವ ಕುಡಾ ಆವೃತ್ತಿಯು ಡ್ರೈವರ್ ಬೆಂಬಲಿಸಬಲ್ಲ ಗರಿಷ್ಠ ಆವೃತ್ತಿಯೇ ಹೊರತು, ನೀವು ಹಾಕಿಕೊಂಡಿರುವ ಟೂಲ್‌ಕಿಟ್‌ನದಲ್ಲ. ಟೂಲ್‌ಕಿಟ್‌ನ ಆವೃತ್ತಿ ತಿಳಿಯಲು ಅದರ ಜೊತೆಗೇ ಬರುವ ಕಂಪೈಲರ್ ‘ಎನ್‌ವಿಸಿಸಿ’ಯನ್ನೇ ಕೇಳಬೇಕು. ಕುಡಾ 12ರ ಸರಣಿಗೆ ಕನಿಷ್ಠ 525.60.13 ಡ್ರೈವರ್ ಬೇಕು.

ಬರೀ ಪೈಟಾರ್ಚ್ ಓಡಿಸುವವರಿಗೆ ಸಾಮಾನ್ಯವಾಗಿ ಪ್ರತ್ಯೇಕ ಟೂಲ್‌ಕಿಟ್ ಬೇಕಾಗಿಯೇ ಇಲ್ಲ. ಪೈಥಾನ್ ಪ್ಯಾಕೇಜುಗಳನ್ನು ಇಳಿಸಿಕೊಡುವ ಪಿಪ್‌ನಿಂದ ಬರುವ ಜಿಪಿಯು ಆವೃತ್ತಿಯು ಬೇಕಾದ ಕುಡಾ ಲೈಬ್ರರಿಗಳನ್ನು ಜೊತೆಗೇ ತರುತ್ತದೆ. ಡ್ರೈವರ್ ಸರಿಯಿದ್ದೂ ಪೈಟಾರ್ಚ್‌ಗೆ ಕಾರ್ಡ್ ಕಾಣದಿದ್ದರೆ, ಪೈಥಾನ್‌ನಲ್ಲಿ ‘ಟಾರ್ಚ್.ವರ್ಷನ್.ಕುಡಾ’ ಏನನ್ನುತ್ತದೆ ನೋಡಿ. ಉತ್ತರ ‘ನನ್’ (None, ಅಂದರೆ ಏನೂ ಇಲ್ಲ) ಎಂದಾದರೆ ನೀವು ಇಳಿಸಿಕೊಂಡಿರುವುದು ಬಹುತೇಕ ಸಿಪಿಯುಗೆ ಮಾತ್ರ ಕಟ್ಟಿದ ಆವೃತ್ತಿ. ಅದನ್ನು ತೆಗೆದು, ನಿಮ್ಮ ಡ್ರೈವರಿಗೆ ಹೊಂದುವ ಕುಡಾ ಆವೃತ್ತಿಯದನ್ನು ಹಾಕಿಕೊಳ್ಳಿ.