ಪಿಪಿಇ ಹಾಕಿದ್ದು ಸರಿ, ತೆಗೆಯುವುದು ಹೇಗೆ?

ಮಂಗಳೂರಿನ ಸೆಕೆಯಲ್ಲಿ ಪಿಪಿಇ, ಅಂದರೆ ಸೋಂಕು ತಾಗದ ಹಾಗೆ ಹಾಕುವ ಗ್ಲೌಸ್, ಗೌನ್, ಮಾಸ್ಕ್, ಗಾಗಲ್ಸ್ ಹಾಕಿ ನಿಂತವರಿಗೆ ಒಂದೇ ಯೋಚನೆ, ಇದನ್ನು ಯಾವಾಗ ಕಿತ್ತು ಬಿಸಾಡುವುದು ಅಂತ. ಅಪಾಯ ಜಾಸ್ತಿ ಇರುವುದೂ ಆಗಲೇ. ವಾರ್ಡ್‌ನಲ್ಲಿ ಅಷ್ಟು ಹೊತ್ತು ಜಾಗ್ರತೆಯಾಗಿದ್ದು, ಹೊರಗೆ ಬರುವ ಗಡಿಬಿಡಿಯಲ್ಲಿ ಅದೇ ಗ್ಲೌಸ್‌ನಿಂದ ಮೂಗಿನ ಬೆವರು ಒರೆಸಿಕೊಂಡರೆ ಬೆಂದದ್ದೆಲ್ಲ ದಂಡ ಮಾರಾಯ್ರೇ.

ಎಲ್ಲ ರೋಗಿಗಳಿಗೂ ಪೂರ್ತಿ ಕಿಟ್ ಬೇಕಿಲ್ಲ. ವಾಂತಿ, ಭೇದಿ ಕ್ಲೀನ್ ಮಾಡುವುದಕ್ಕೆ ಗ್ಲೌಸ್, ಗೌನ್. ಮುಖಕ್ಕೆ ಸಿಡಿಯುವ ಹಾಗಿದ್ದರೆ ಮಾಸ್ಕ್, ಗಾಗಲ್ಸ್ ಕೂಡ. ಫ್ಲೂ ಇದ್ದವರ ಹತ್ತಿರ ಸರ್ಜಿಕಲ್ ಮಾಸ್ಕ್, ಟಿಬಿಗೆ ಎನ್95, ಅಂದರೆ ಗಾಳಿಯ ಸಣ್ಣ ಕಣಗಳನ್ನೂ ಸೋಸುವ, ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್. ಆದರೆ ಕಾಯಿಲೆಯ ಹೆಸರು ಗೊತ್ತಾಗಲಿ ಅಂತ ಕಾಯಬೇಡಿ. 2018ರಲ್ಲಿ ಪಕ್ಕದ ಕೇರಳದ ಕೋಯಿಕ್ಕೋಡ್ ಕಡೆ ನಿಫಾ ವೈರಸ್ ಬಂದಾಗ, ಅದು ನಿಫಾ ಅಂತ ನಮ್ಮ ಮಣಿಪಾಲದ ಲ್ಯಾಬ್ ಪತ್ತೆ ಮಾಡುವ ಹೊತ್ತಿಗೆ ಸೋಂಕು ಆಗಲೇ ಆಸ್ಪತ್ರೆಯೊಳಗೆ ಹರಡಿತ್ತು. ರೋಗಿಯನ್ನು ನೋಡಿಕೊಂಡ ನರ್ಸ್ ಒಬ್ಬರೂ ತೀರಿಕೊಂಡರು.

ಹಾಕುವಾಗ ಮೊದಲು ಕೈ ತೊಳೆಯಿರಿ. ಆಮೇಲೆ ಗೌನ್, ಮಾಸ್ಕ್, ಗಾಗಲ್ಸ್, ಕೊನೆಗೆ ಗ್ಲೌಸ್. ಗ್ಲೌಸ್‌ನ ಅಂಚು ಗೌನ್ ತೋಳಿನ ಮೇಲೆ ಬರಬೇಕು. ಎನ್95 ಆದರೆ ಮೇಲಿನ ಪಟ್ಟಿ ತಲೆಯ ಹಿಂದೆ ಎತ್ತರದಲ್ಲಿ, ಕೆಳಗಿನದು ಕಿವಿಯ ಕೆಳಗೆ ಕುತ್ತಿಗೆಗೆ. ಮೂಗಿನ ಮೇಲಿನ ಲೋಹದ ಪಟ್ಟಿಯನ್ನು ಎರಡೂ ಕೈ ಬೆರಳಿಂದ ಒತ್ತಿ, ಜೋರಾಗಿ ಉಸಿರು ಬಿಟ್ಟು ನೋಡಿ. ಪಕ್ಕದಿಂದ ಗಾಳಿ ಸೋರಿದರೆ ಮತ್ತೆ ಸರಿ ಮಾಡಿ. ಗಡ್ಡ ಇದ್ದರೆ ಈ ಮಾಸ್ಕ್ ಸರಿಯಾಗಿ ಕೂರುವುದೇ ಇಲ್ಲ, ಎಷ್ಟು ಒತ್ತಿದರೂ ಅಷ್ಟೇ. ಬೆವರಿಗೆ ಒದ್ದೆಯಾದರೆ ಹೊರಗೆ ಬಂದು ಬದಲಿಸಿ.

ಈಗ ತೆಗೆಯುವುದು. ಜಾಸ್ತಿ ಗಲೀಜಾಗಿರುವುದು ಗ್ಲೌಸ್, ಹಾಗಾಗಿ ಮೊದಲು ಅದು. ಒಂದು ಗ್ಲೌಸನ್ನು ಅಂಗೈ ಹತ್ತಿರ ಹೊರಗಿನಿಂದ ಹಿಡಿದು ಒಳಭಾಗ ಹೊರಗೆ ಬರುವ ಹಾಗೆ ಎಳೆಯಿರಿ, ಅದನ್ನು ಇನ್ನೊಂದು ಕೈಯಲ್ಲೇ ಮುದ್ದೆ ಮಾಡಿ ಹಿಡಿದುಕೊಳ್ಳಿ. ಬರಿಗೈಯ ಬೆರಳನ್ನು ಎರಡನೆಯ ಗ್ಲೌಸ್‌ನ ಮಣಿಕಟ್ಟಿನ ಒಳಗೆ ತೂರಿಸಿ ಜಾರಿಸಿದರೆ ಮೊದಲನೆಯದು ಅದರೊಳಗೇ ಸುತ್ತಿಕೊಳ್ಳುತ್ತದೆ. ಕೈಗೆ ಸ್ಯಾನಿಟೈಸರ್ ಹಾಕಿ. ಗಾಗಲ್ಸನ್ನು ತಲೆಯ ಹಿಂದಿನಿಂದ ಎತ್ತಿ, ಎದುರು ಮುಟ್ಟಬೇಡಿ. ಗೌನ್‌ನ ದಾರ ಬಿಚ್ಚಿ, ಕುತ್ತಿಗೆ, ಭುಜದ ಒಳಗಿನಿಂದ ಹಿಡಿದು ಒಳಗೆ ಹೊರಗೆ ಮಾಡಿ ಸುರುಳಿ ಸುತ್ತಿ. ಕೊಡವಬಾರದು.

ಎನ್95 ಮಾತ್ರ ರೂಮಿನಿಂದ ಹೊರಗೆ ಬಂದು ಬಾಗಿಲು ಹಾಕಿದ ಮೇಲೆ, ಯಾಕೆಂದರೆ ಒಳಗಿನ ಗಾಳಿಯನ್ನು ನಂಬುವ ಹಾಗಿಲ್ಲ. ಕೆಳಗಿನ ಪಟ್ಟಿ ಮೊದಲು, ಮೇಲಿನದು ನಂತರ. ಮಧ್ಯೆ ಎಲ್ಲಾದರೂ ಕೈಗೆ ಗಲೀಜು ತಾಗಿತು ಅನ್ನಿಸಿದರೆ ಅಲ್ಲೇ ಕೈ ಶುಚಿ ಮಾಡಿ ಮುಂದುವರಿಯಿರಿ. ಕೊನೆಗೆ ಸೋಪಿನಲ್ಲಿ 40ರಿಂದ 60 ಸೆಕೆಂಡ್ ತೊಳೆಯಿರಿ. ಗ್ಲೌಸ್ ಇತ್ತಲ್ವಾ, ಮತ್ತೆ ಯಾಕೆ ಅಂದರೆ, ಗ್ಲೌಸ್‌ನಲ್ಲಿ ಕಣ್ಣಿಗೆ ಕಾಣದ ತೂತು ಇರಬಹುದು. ಅದೇ ಗ್ಲೌಸ್‌ಗೆ ಸ್ಯಾನಿಟೈಸರ್ ಉಜ್ಜಿ ಮುಂದಿನ ಬೆಡ್‌ಗೆ ಹೋಗುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ.

ಬಿಸಾಡುವಾಗ ಮಾಸ್ಕ್, ಬಟ್ಟೆಯಂಥ ಗೌನ್ ಹಳದಿ ಚೀಲಕ್ಕೆ, ಗ್ಲೌಸ್ ಕೆಂಪು ಚೀಲಕ್ಕೆ. ರೋಗಿಯ ಜೊತೆ ಬಂದ ಮನೆಯವರೂ ಇದನ್ನೇ ಪಾಲಿಸಲಿ, ಹಾಕಿದ್ದ ಮಾಸ್ಕನ್ನು ಕ್ಯಾಂಟೀನ್ ಟೇಬಲ್ ಮೇಲೆ ಇಡುವುದು ಬೇಡ.